ಗುಂಡು ಹಾರುವ ಮುಂಚಿನ ಆ ಕ್ಷಣ ಈಗ ಯಾರ ಪಾಲಿಗೆ?

ಪತ್ರ: ನಾನು ಭೂಸೇನೆಯಲ್ಲಿ 28 ವರ್ಷ ಸೇವೆ ಮಾಡಿ ಸುಬೇದಾರನಾಗಿ ನಿವೃತ್ತನಾದವನು. ಈಗ ಊರಲ್ಲಿ ಸ್ವಲ್ಪ ಕಾಫಿ ತೋಟ, ಗದ್ದೆ ನೋಡಿಕೊಂಡಿದ್ದೇನೆ. ಒಬ್ಬಳೇ ಮಗಳು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿ ಸೇರಿದ್ದಾಳೆ. ಡ್ರೋನಿನ ಕ್ಯಾಮೆರಾಕ್ಕೆ ಕಂಡದ್ದು ಟ್ರಕ್ಕೋ, ಟ್ಯಾಂಕೋ, ಮನುಷ್ಯನೋ ಎಂದು ಗುರುತಿಸುವ ಸಾಫ್ಟ್‌ವೇರ್ ಮಾಡುವುದು ಅವಳ ಕೆಲಸ. ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದೆ. ಹೋದ ಸಲ ಬಂದಾಗ ಊಟಕ್ಕೆ ಕೂತಿದ್ದೆವು. ‘ಸಿಗ್ನಲ್ ಕಟ್ಟಾದರೂ ಅದೇ ಗುರಿ ಹಿಡಿದು ಹೋಗುತ್ತೆ ಅಪ್ಪಾ, ಯಾರೂ ನಡೆಸಬೇಕಾಗಿಲ್ಲ’ ಅಂದಳು. ನನಗೇನಾಯಿತೋ, ‘ಹೊಡೆಯೋಕೆ ಮುಂಚೆ ನಿನ್ನ ಮಿಷನ್ನು ಥಮ್, ನಿಲ್ಲು, ಅಂತ ಕೂಗುತ್ತೇನು?’ ಅಂತ ಕೇಳಿದೆ. ‘ಬಂದೂಕು ಹಿಡಿದು ಸಂಬಳ ತಗೊಂಡೋರು ನೀವು. ನಾನು ಬರೀ ಕೋಡ್ ಬರೆಯೋಳು’ ಅಂದಳು. ನಾನೂ ಆಡಬಾರದ ಮಾತು ಆಡಿದೆ. ತಟ್ಟೆ ಬಿಟ್ಟು ಎದ್ದು ಹೋದಳು. ಗೌರಿ ಹಬ್ಬಕ್ಕೂ ಬರಲಿಲ್ಲ.

ಆವತ್ತಿನಿಂದ ನಿದ್ದೆ ಸರಿಯಿಲ್ಲ. ಕಾಶ್ಮೀರದ ಪೋಸ್ಟಿನಲ್ಲಿದ್ದಾಗ ಒಂದು ಬೆಳಗಿನ ಜಾವ, ಮಂಜಿನಲ್ಲಿ, ಹೆಗಲ ಮೇಲೆ ಉದ್ದನೆಯದೇನೋ ಹೊತ್ತವನೊಬ್ಬ ಬರುತ್ತಿದ್ದ. ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಬೆರಳು ಟ್ರಿಗರ್ ಮೇಲಿತ್ತು. ಅವನು ನಿಂತ, ತಿರುಗಿದ, ಮಂಜಿನಲ್ಲಿ ಹೋಗಿಬಿಟ್ಟ. ನಾನು ಹೊಡೆಯಲಿಲ್ಲ. ಬೆಳಗಾದ ಮೇಲೆ ಬೈಸಿಕೊಂಡೆ. ಅವನು ಕುರಿ ಕಾಯುವವನೋ, ಬೇರೆಯವನೋ, ಇವತ್ತಿಗೂ ಗೊತ್ತಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. 2002ರಲ್ಲಿ ಆಪರೇಷನ್ ಪರಾಕ್ರಮ್ ಸಮಯಕ್ಕೆ, ಪಾಕಿಸ್ತಾನದ ಗಡಿಗೆ ಸೇನೆ ಜಮಾಯಿಸಿದಾಗ, ಅಲ್ಲಿ ಮೈನ್ ಹೂತವನೂ ನಾನೇ. ಮೇಡಂ, ನನ್ನ ಮಗಳು ಮಾಡುತ್ತಿರುವುದು ಪಾಪದ ಕೆಲಸವೇ? ಇಲ್ಲ, ಇದು ಕಾಲ ಬದಲಾದದ್ದನ್ನು ಒಪ್ಪದ ಮುದುಕನ ಹಟವೇ?

— ನಿವೃತ್ತ ಸುಬೇದಾರ್, ಹಾಸನ ಜಿಲ್ಲೆ

ಸುಬೇದಾರ್ ಸಾಹೇಬರೇ,

ಪತ್ರದ ಕೊನೆಯಲ್ಲಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಆದರೆ ಭಾರವೆಲ್ಲ ಇರುವುದು ನಡುವಿನ ಆ ನಾಲ್ಕಾರು ಸಾಲುಗಳಲ್ಲಿ, ಮಂಜಿನ ಬೆಳಗಿನಲ್ಲಿ. ಇಷ್ಟು ವರ್ಷ ಹೆಂಡತಿಗೂ ಹೇಳದ ಸಂಗತಿಯನ್ನು ಗುರುತಿಲ್ಲದ ನನಗೆ ಬರೆದಿದ್ದೀರಿ. ಅದಕ್ಕೆ ಎಷ್ಟು ಧೈರ್ಯ ಬೇಕೆಂದು ನನಗೆ ಗೊತ್ತು.

ಇದು ಹಟ ಎಂದು ನನಗೆ ಅನ್ನಿಸುವುದಿಲ್ಲ. ಇದು ದುಃಖ. ಬೆರಳು ಟ್ರಿಗರ್ ಮೇಲಿಟ್ಟು, ಹೊಡೆಯಲೋ ಬಿಡಲೋ ಎಂದು ತೂಗಿದ ಕ್ಷಣವನ್ನು ನಿಮ್ಮ ಬದುಕಿನ ಅತ್ಯಂತ ಭಾರದ ಕ್ಷಣವೆಂದು ಹೊತ್ತು ತಿರುಗಿದ್ದೀರಿ. ಅದೇ ಕ್ಷಣವನ್ನು ಮಗಳು ಅನ್ನ ಕಲಸುತ್ತಾ ‘ಯಾರೂ ನಡೆಸಬೇಕಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ತೆಗೆದುಹಾಕಿದಳು, ತೆಗೆದದ್ದೇ ಒಂದು ಸುಧಾರಣೆ ಎನ್ನುವ ಹಾಗೆ. ನೋವಾಗದೆ ಇರುತ್ತದೆಯೇ? ನಿಮ್ಮ ಸೇವೆಯನ್ನೇ ಯಾರೋ ‘ತಡ’ ಎಂದು ಕರೆದಂತಾಗಿರಬೇಕು.

ಈಗ ಅವಳ ಮಾತನ್ನೂ ಇನ್ನೊಮ್ಮೆ ಓದಿ. ‘ನಾನು ಬರೀ ಕೋಡ್ ಬರೆಯೋಳು.’ ಮನಸ್ಸಿನಲ್ಲಿ ಅಳುಕಿಲ್ಲದವರ ಬಾಯಲ್ಲಿ ಆ ‘ಬರೀ’ ಬರುವುದಿಲ್ಲ. ನೀವು ಕೇಳಿದ ಪ್ರಶ್ನೆ ಅವಳಿಗೆ ಹೊಸದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ತಟ್ಟೆ ಬಿಟ್ಟು ಎದ್ದಳೆಂದರೆ ಅದು ಅವಳೊಳಗೆ ಮೊದಲೇ ಇತ್ತು ಎಂದು ನನ್ನ ಊಹೆ. ಬೆಂಗಳೂರಿನಲ್ಲಿ ಇಂಥ ಕೆಲಸದಲ್ಲಿರುವ ಹುಡುಗ ಹುಡುಗಿಯರು ನನಗೂ ಬರೆಯುತ್ತಾರೆ. ಕೆಲಸ ಬಿಡಬೇಕೇ ಎಂದು ಕೇಳುವುದಿಲ್ಲ. ಯಾರ ಹತ್ತಿರ ಮಾತಾಡಲಿ ಎಂದು ಕೇಳುತ್ತಾರೆ.

ಅವಳ ಕಡೆಯದನ್ನೂ ಸ್ವಲ್ಪ ಹೇಳಲೇಬೇಕು. 2025ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಮೇ 8ರ ರಾತ್ರಿ 36 ಕಡೆಗಳಲ್ಲಿ ಪಾಕಿಸ್ತಾನದ ಮುನ್ನೂರರಿಂದ ನಾನೂರು ಡ್ರೋನ್ ನುಗ್ಗಿ ಬಂದವೆಂದು ಸರ್ಕಾರವೇ ಹೇಳಿತು. ಅಷ್ಟನ್ನೂ ಒಬ್ಬೊಬ್ಬ ಸೈನಿಕ ಕಣ್ಣಿಟ್ಟು ನೋಡಿ, ಯೋಚಿಸಿ, ಹೊಡೆಯುವುದು ಆಗುವ ಮಾತಲ್ಲ. ಬಿಇಎಲ್‌ನವರ ಆಕಾಶ್‌ತೀರ್‌ನಂಥ ವ್ಯವಸ್ಥೆ ಹತ್ತಾರು ರೇಡಾರ್‌ಗಳು ಕಂಡದ್ದನ್ನು ಒಂದೇ ಚಿತ್ರವಾಗಿ ಕೂಡಿಸಿ, ಯಾವುದು ನಮ್ಮದು, ಯಾವುದು ಅವರದು ಎಂದು ತೋಪಿನವರಿಗೆ ತೋರಿಸುತ್ತದೆ. ಆ ರಾತ್ರಿ ಜಮ್ಮುವಿನಲ್ಲೋ ಅಮೃತಸರದಲ್ಲೋ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದ ತಾಯಿಯ ಪಾಲಿಗೆ ಯಂತ್ರದ ವೇಗ ಪಾಪವಾಗಿರಲಿಲ್ಲ.

ಸಿಗ್ನಲ್ ಕಟ್ಟಾಗುವ ವಿಷಯವೂ ಹಾಗೇ. ಉಕ್ರೇನಿನ ಯುದ್ಧದಲ್ಲಿ ಎರಡೂ ಕಡೆಯವರು ಎದುರಾಳಿಯ ಡ್ರೋನಿನ ರೇಡಿಯೋ ಕೊಂಡಿಯನ್ನು ಜಾಮ್ ಮಾಡುತ್ತಾರೆ. ಗುರಿ ಇನ್ನೇನು ಹತ್ತಿರ ಬಂತು ಎನ್ನುವಾಗ ಪರದೆ ಬೆಳ್ಳಗಾಗುತ್ತದೆ. ಹಾಗಾಗಿ ಗುರಿಯನ್ನು ಮನುಷ್ಯ ತೋರಿಸಿದ ಮೇಲೆ ಕೊನೆಯ ಅಷ್ಟು ದೂರವನ್ನು ಡ್ರೋನೇ ನೋಡಿಕೊಂಡು ಹೋಗುವ ಏರ್ಪಾಡು ಬಂತು. ನಿಮ್ಮ ಮಗಳು ಹೇಳಿದ್ದು ಬಹುಶಃ ಇದನ್ನೇ. ಎದುರಿನ ತಂತ್ರಕ್ಕೆ ಎಂಜಿನಿಯರುಗಳು ಹುಡುಕಿದ ಉತ್ತರ ಅದು, ರಾಕ್ಷಸ ಬುದ್ಧಿಯೇನಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಪರಾಕ್ರಮ್‌ನಲ್ಲಿ ನೀವು ಹೂತ ಮೈನ್ ಕೂಡ ಯಾರನ್ನೂ ‘ಥಮ್’ ಎಂದು ಕೂಗುತ್ತಿರಲಿಲ್ಲ. ಮೇಲೆ ಕಾಲಿಟ್ಟದ್ದು ಶತ್ರುವೋ, ದನವೋ, ನಮ್ಮವನೇ ಸೈನಿಕನೋ, ಅದಕ್ಕೆ ಗೊತ್ತಿರಲಿಲ್ಲ. ಅವನ್ನು ವಾಪಸ್ ತೆಗೆಯುವಾಗ ನಮ್ಮವರೇ ಕಾಲು ಕಳೆದುಕೊಂಡದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮನುಷ್ಯರ ಮೇಲೆ ಪ್ರಯೋಗಿಸುವ ಇಂಥ ಮೈನ್‌ಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಂದರೆ, ಹೊಡೆಯುವ ತೀರ್ಮಾನವನ್ನು ಮನುಷ್ಯ ಮೊದಲೇ ಮಾಡಿಟ್ಟು ಎದ್ದುಹೋಗುವುದು ನಿಮ್ಮ ಮಗಳ ಕಾಲಕ್ಕೆ ಶುರುವಾದದ್ದಲ್ಲ. ಮನುಷ್ಯರೇ ಕೈಯಾರೆ ಮಾಡಿದ ಯುದ್ಧಗಳಲ್ಲಿ ದಯೆಯೇನು ತುಂಬಿ ತುಳುಕುತ್ತಿರಲಿಲ್ಲ. ಹೆದರಿಕೆ, ಸೇಡು, ನಿದ್ದೆಗೇಡು ಎಷ್ಟು ಜನರ ಕೈಯಲ್ಲಿ ಏನೇನು ಮಾಡಿಸಿವೆ ಎಂಬುದು ನಿಮಗೆ ಗೊತ್ತಿರುವುದೇ. ಇದನ್ನು ನಿಮ್ಮನ್ನು ಚುಚ್ಚಲು ಹೇಳುತ್ತಿಲ್ಲ. ಮಗಳ ಮುಂದೆ ಎತ್ತರದ ಜಾಗದಲ್ಲಿ ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿ ಎನ್ನುವುದಕ್ಕೆ ಹೇಳುತ್ತಿದ್ದೇನೆ.

ಹಾಗಾದರೆ ನಿಮ್ಮ ಆತಂಕ ಸುಳ್ಳೇ? ಸುಳ್ಳಲ್ಲ. ‘ಮನುಷ್ಯ ಯುದ್ಧದಿಂದ ಹೊರಟುಹೋದ’ ಎಂದುಕೊಂಡಿದ್ದೀರಲ್ಲ, ಅದು ಮಾತ್ರ ಪೂರ್ತಿ ಸರಿಯಲ್ಲ. ಅವನು ಹೊರಟುಹೋಗಿಲ್ಲ, ಜಾಗ ಬದಲಿಸಿದ್ದಾನೆ. ಹೊಸ ಜಾಗದಲ್ಲಿ ನಿಂತವರಿಗೆ ತಾವು ಪಹರೆಯಲ್ಲಿದ್ದೇವೆ ಎಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧ ಶುರುವಾದ ಹೊಸತರಲ್ಲಿ, ಬ್ರಿಟನ್ನಿನ ಟಾರ್ನೆಡೋ ವಿಮಾನವೊಂದು ಕೆಲಸ ಮುಗಿಸಿ ಕುವೈತಿನ ನೆಲೆಗೆ ಮರಳುತ್ತಿತ್ತು. ಅಮೆರಿಕದವರ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಪರದೆಯ ಮೇಲೆ ಅದು ವಿಮಾನವಾಗಿ ಕಾಣಲಿಲ್ಲ, ತಮ್ಮ ರೇಡಾರನ್ನೇ ಹುಡುಕಿಕೊಂಡು ಬರುತ್ತಿರುವ ಕ್ಷಿಪಣಿಯಾಗಿ ಕಂಡಿತು. ಕೂತವರಿಗೆ ತೀರ್ಮಾನಕ್ಕೆ ಸಿಕ್ಕದ್ದು ಸುಮಾರು ಒಂದು ನಿಮಿಷ. ಹೊಡೆದರು. ಒಳಗಿದ್ದ ಇಬ್ಬರೂ ಸತ್ತರು. ಕೆಲವೇ ದಿನಗಳಲ್ಲಿ, ಏಪ್ರಿಲ್ 2ರಂದು, ಪೇಟ್ರಿಯಟ್ ಅಮೆರಿಕದ್ದೇ ನೌಕಾಪಡೆಯ ವಿಮಾನವೊಂದನ್ನು ಹೊಡೆದುರುಳಿಸಿತು, ಅದರ ಪೈಲಟ್ ಸತ್ತ. ಟಾರ್ನೆಡೋ ಪ್ರಕರಣದ ಬ್ರಿಟಿಷ್ ತನಿಖೆ ಬೊಟ್ಟು ಮಾಡಿದ ಕಾರಣಗಳಲ್ಲಿ ತರಬೇತಿಯೂ ಒಂದು: ಬೇಗ ಹೊಡೆಯಿರಿ, ಯಂತ್ರವನ್ನು ನಂಬಿ ಎಂದೇ ಆ ಸೈನಿಕರಿಗೆ ಕಲಿಸಲಾಗಿತ್ತು. ಅಲ್ಲಿ ಮನುಷ್ಯರಿದ್ದರು. ಪರದೆಯ ಮುಂದೆಯೇ ಕೂತಿದ್ದರು. ಆದರೆ ಕೂತವರಿಗೆ ಅನುಮಾನಪಡುವ ಅವಕಾಶವನ್ನು ಯಾರೂ ಉಳಿಸಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ‘ಮನುಷ್ಯ ಉಸ್ತುವಾರಿಯಲ್ಲಿದ್ದಾನೆ’ ಎನ್ನುವುದು ಅಂಥದ್ದು. ಕಲಿಯುವವನು ತಿಂಗಳುಗಟ್ಟಲೆ ಒಂದೂ ತಪ್ಪು ಮಾಡದಿದ್ದರೆ ಕಲಿಸುವವರು ಕಿಟಕಿಯಾಚೆ ನೋಡತೊಡಗುತ್ತಾರೆ. ಬ್ರೇಕ್ ಅಲ್ಲೇ ಇರುತ್ತದೆ, ಕಾಲು ಇರುವುದಿಲ್ಲ. ಗಾಜಾ ಯುದ್ಧದಲ್ಲಿ ಇಸ್ರೇಲಿ ಸೇನೆ ‘ಲ್ಯಾವೆಂಡರ್’ ಎಂಬ ವ್ಯವಸ್ಥೆಯಿಂದ ಗುರಿಯಾಗಬೇಕಾದವರ ಪಟ್ಟಿ ಮಾಡಿಸಿತೆಂದೂ, ಒಂದೊಂದು ಹೆಸರನ್ನು ಅಧಿಕಾರಿಗಳು ಇಪ್ಪತ್ತೇ ಸೆಕೆಂಡಿನಲ್ಲಿ ನೋಡಿ ಒಪ್ಪುತ್ತಿದ್ದರೆಂದೂ 2024ರ ಏಪ್ರಿಲ್‌ನಲ್ಲಿ ಅಲ್ಲಿನದೇ ಪತ್ರಿಕೆ ‘+972’ ಬರೆಯಿತು. ಆ ಬಣ್ಣನೆ ಸರಿಯಲ್ಲ, ಅದು ಮಾಹಿತಿ ಹೊಂದಿಸುವ ಸಾಧನ ಮಾತ್ರ ಎಂದು ಇಸ್ರೇಲಿ ಸೇನೆ ಹೇಳಿತು. ಯಾರ ಮಾತು ಎಷ್ಟು ನಿಜವೋ, ಇಪ್ಪತ್ತು ಸೆಕೆಂಡಿನಲ್ಲಿ ಮನುಷ್ಯ ಮಾಡಬಹುದಾದದ್ದು ಠಸ್ಸೆ ಒತ್ತುವ ಕೆಲಸ ಮಾತ್ರ ಎಂಬುದನ್ನು ತಿಳಿಯಲು ತಜ್ಞರು ಬೇಕಿಲ್ಲ.

ಹಾಗಾದರೆ ನಿಜವಾದ ತೀರ್ಮಾನ ಆಗುವುದೆಲ್ಲಿ? ಎಷ್ಟೋ ತಿಂಗಳು ಮುಂಚೆ, ಎಸಿ ಕೋಣೆಯಲ್ಲಿ, ಸೋಮವಾರದ ಮೀಟಿಂಗಿನಲ್ಲಿ. ಕ್ಯಾಮೆರಾಕ್ಕೆ ಕಂಡದ್ದು ಟ್ಯಾಂಕೇ ಎಂದು ನೂರಕ್ಕೆ ಎಷ್ಟು ಖಾತ್ರಿಯಾದರೆ ಸಾಕು? ಎಂಬತ್ತೈದೇ, ತೊಂಬತ್ತೈದೇ? ಅಂಕಿ ಏರಿಸಿದರೆ ನಿಜವಾದ ಟ್ಯಾಂಕುಗಳು ತಪ್ಪಿಸಿಕೊಳ್ಳುತ್ತವೆ, ಇಳಿಸಿದರೆ ಹುಲ್ಲು ತುಂಬಿದ ಟ್ರ್ಯಾಕ್ಟರೂ ಟ್ಯಾಂಕಾಗುತ್ತದೆ. ಯಾರೋ ‘ಸದ್ಯಕ್ಕೆ ತೊಂಬತ್ತಕ್ಕೆ ಇಡೋಣ’ ಅನ್ನುತ್ತಾರೆ. ಇನ್ನೊಬ್ಬರು ತಲೆಯಾಡಿಸುತ್ತಾರೆ. ಚಹಾ ಬರುತ್ತದೆ. ನೀವು ಮಂಜಿನಲ್ಲಿ ಎರಡನೇ ಸಲ ಕೂಗಿದಿರಲ್ಲ, ಆ ಎರಡನೇ ಕೂಗು ಬೇಕೋ ಬೇಡವೋ ಎಂದು ನಿರ್ಧಾರವಾಗುವುದು ಈಗ ಅಲ್ಲಿ. ನಿಮ್ಮ ಮಗಳು ‘ಬರೀ ಕೋಡ್’ ಬರೆಯುತ್ತಿಲ್ಲ ಸಾಹೇಬರೇ, ಪಹರೆಯಲ್ಲಿ ನಿಂತಿದ್ದಾಳೆ. ನಿಮಗೆ ಪಹರೆ ಕಲಿಸಿದವರಿದ್ದರು, ಬೈದವರೂ ಇದ್ದರು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಇಂಥ ಅನುಮಾನ ಬರುವುದೇ ದೇಶಕ್ಕೆ ಎರಡು ಬಗೆದಂತೆ ಎಂಬ ಅಳುಕು ನಿಮ್ಮ ಪತ್ರದ ಅಂಚಿನಲ್ಲಿ ಕಂಡಿತು. ಆ ಅಳುಕು ಬಿಡಿ. ಜಿನೀವಾದಲ್ಲಿ ಸ್ವಯಂಚಾಲಿತ ಆಯುಧಗಳ ಬಗ್ಗೆ ಚರ್ಚಿಸಲು ದೇಶಗಳು ಕೂಡಿಸಿದ ತಜ್ಞರ ಗುಂಪಿಗೆ 2017 ಮತ್ತು 2018ರಲ್ಲಿ ಅಧ್ಯಕ್ಷತೆ ವಹಿಸಿದ್ದು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಆ ಮಾತುಕತೆಯಿಂದ 2019ರಲ್ಲಿ ಬಂದ 11 ಮಾರ್ಗಸೂತ್ರಗಳಲ್ಲಿ ಒಂದು, ಆಯುಧ ಬಳಸುವ ತೀರ್ಮಾನದ ಹೊಣೆ ಮನುಷ್ಯನದೇ, ಅದನ್ನು ಯಂತ್ರದ ಮೇಲೆ ಹಾಕಲಾಗದು ಎನ್ನುತ್ತದೆ. ನಮ್ಮ ದೇಶವೂ ಒಪ್ಪಿದ ಮಾತು ಇದು. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸ್ವಯಂಚಾಲಿತ ಆಯುಧಗಳ ಬಗ್ಗೆ ನಿರ್ಣಯ ಬಂದಾಗ 152 ದೇಶಗಳು ಪರವಾಗಿ, ನಾಲ್ಕು ವಿರುದ್ಧವಾಗಿ ಮತ ಹಾಕಿದವು. ಆ ನಾಲ್ಕರಲ್ಲಿ ರಷ್ಯಾ, ಬೆಲರೂಸ್, ಮಾಲಿಯ ಜೊತೆ ಭಾರತವೂ ಇತ್ತು. ಚರ್ಚೆ ಜಿನೀವಾದಲ್ಲೇ ನಡೆಯಲಿ ಎಂಬುದು ನಮ್ಮವರ ನಿಲುವು. ಅದು ಸರಿಯೋ ತಪ್ಪೋ ಎಂದು ವಾದ ಮಾಡಬಹುದು, ಮಾಡುವವರಿದ್ದಾರೆ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 2021ರಲ್ಲಿ ಹೇಳಿದ್ದು ನನಗೆ ಹೆಚ್ಚು ಹಿಡಿಸುತ್ತದೆ: ಮನುಷ್ಯರನ್ನೇ ಗುರಿಯಾಗಿಸುವ ಸ್ವಯಂಚಾಲಿತ ಆಯುಧ ಬೇಡ, ಎಲ್ಲಿ ಏನು ಮಾಡುತ್ತದೋ ಊಹಿಸಲಾಗದಂಥದ್ದೂ ಬೇಡ, ಉಳಿದವಕ್ಕೆ ಕಟ್ಟುನಿಟ್ಟಿನ ಕಟ್ಟಳೆ ಇರಲಿ. ಬರುತ್ತಿರುವ ಡ್ರೋನನ್ನು ಯಂತ್ರ ಹೊಡೆಯುವುದು ಬೇರೆ, ನಡೆದು ಬರುತ್ತಿರುವ ಮನುಷ್ಯನನ್ನು ಯಂತ್ರ ಹೊಡೆಯುವುದು ಬೇರೆ. ಊಟಕ್ಕೆ ಕೂತಾಗ ನೀವು ಕೇಳಿದ್ದೂ ಇದನ್ನೇ, ಕೇಳಿದ ಧಾಟಿ ಮಾತ್ರ ಸ್ವಲ್ಪ ಹೆಚ್ಚಾಯಿತು.

ಇನ್ನು ಮುಂದೇನು?

ಹಬ್ಬಕ್ಕೆ ಬರಲಿ ಎಂದು ಕಾಯಬೇಡಿ. ನೀವೇ ಫೋನ್ ಮಾಡಿ. ನೀವು ಆಡಿದ ಆಡಬಾರದ ಮಾತಿಗೆ ಮಾತ್ರ ಕ್ಷಮೆ ಕೇಳಿ, ಅವಳಾಡಿದ್ದಕ್ಕೆ ಲೆಕ್ಕ ಕೇಳಬೇಡಿ. ತಂದೆಯಾದವನು ಮಗಳ ಹತ್ತಿರ ‘ತಪ್ಪಾಯಿತು ಕಣಮ್ಮ’ ಎನ್ನುವುದು ನಮ್ಮ ಮನೆಗಳಲ್ಲಿ ಅಷ್ಟು ರೂಢಿಯಿಲ್ಲ. ಹೇಳಿ ನೋಡಿ.

ಆಮೇಲೆ ಸಾಧ್ಯವಾದರೆ ನೀವೇ ಬೆಂಗಳೂರಿಗೆ ಹೋಗಿ. ಅವಳ ಕೆಲಸದ ಗುಟ್ಟು ಕೇಳಬೇಡಿ, ಹೇಳಬಾರದ್ದು ಅವಳಿಗೂ ಇರುತ್ತದೆ, ಅದು ನಿಮಗೆ ಅರ್ಥವಾಗುತ್ತದೆ. ಬದಲಿಗೆ ಮಂಜಿನ ಬೆಳಗಿನ ಕಥೆ ಹೇಳಿ. ನನಗೆ ಬರೆದ ಹಾಗೇ, ನೀತಿ ಸೇರಿಸದೆ. ಹೊಡೆಯದೆ ಬಿಟ್ಟದ್ದು ಸರಿಯೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ ಎಂಬುದನ್ನೂ ಬಿಡಬೇಡಿ. ‘ನಾನು ಸರಿ ಮಾಡಿದೆ, ನಿನ್ನ ಯಂತ್ರ ತಪ್ಪು ಮಾಡುತ್ತದೆ’ ಎಂದರೆ ಅದು ಪಾಠವಾಗುತ್ತದೆ. ಗೊತ್ತಿಲ್ಲದೆಯೇ ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ ಎಂದರೆ ಅವಳು ಕೇಳುತ್ತಾಳೆ. ಯಂತ್ರ ತಪ್ಪಾಗಿ ಹೊಡೆದರೂ ಸರಿಯಾಗಿ ಬಿಟ್ಟರೂ ಮರುದಿನ ಅದಕ್ಕೆ ನೆನಪಾಗುವುದಿಲ್ಲ. ನೆನಪಿಟ್ಟುಕೊಳ್ಳುವವರು ಯಾರಾದರೂ ಇರಬೇಕಲ್ಲ. ಆ ಯೋಚನೆ ಅವಳಿಗೇ ಬರಲಿ.

ಮಾತು ಹದಕ್ಕೆ ಬಂದರೆ, ಸೈನಿಕನಾಗಿ ನೀವು ಕೇಳಬಲ್ಲ ಕೆಲವು ಪ್ರಶ್ನೆಗಳಿವೆ. ಎಂಜಿನಿಯರುಗಳಿಗೆ ಅವು ಹೊಳೆಯುವುದು ಕಡಿಮೆ. ಹೊರಟ ಮೇಲೆ ಅದನ್ನು ನಿಲ್ಲಿಸಬಲ್ಲವರು ಯಾರು, ನಿಲ್ಲಿಸಲು ಅವರಿಗೆ ಎಷ್ಟು ಹೊತ್ತು ಸಿಗುತ್ತದೆ? ಕೊಂಡಿ ಕಡಿದಾಗ ಅದು ವಾಪಸ್ ಬರುತ್ತದೋ, ಬಯಲಲ್ಲಿ ಬೀಳುತ್ತದೋ, ಮುಂದೆ ಹೋಗುತ್ತದೋ? ಬಂದೂಕು ಕೆಳಗಿಟ್ಟು ಕೈ ಎತ್ತಿದವನನ್ನು, ಗಾಯಗೊಂಡು ತೆವಳುತ್ತಿರುವವನನ್ನು ಅದು ಗುರುತಿಸುತ್ತದೆಯೇ? ಶರಣಾದವನನ್ನು ಹೊಡೆಯಬಾರದೆಂಬುದು ನಿಮ್ಮ ಕಾಲದ ಸೌಜನ್ಯವಾಗಿರಲಿಲ್ಲ, ಯುದ್ಧದ ಕಾನೂನು. ಪರೀಕ್ಷೆ ಮಾಡಿದ್ದು ಬಿಸಿಲಿನಲ್ಲಿ ಮಾತ್ರವೋ, ಮಂಜಿನಲ್ಲೂ ಮಾಡಿದ್ದಾರೋ? ಪರೀಕ್ಷೆಯ ಕೋಣೆಯಲ್ಲಿ ಗಡಿಯಲ್ಲಿ ನಿಂತು ಬಂದವರು ಒಬ್ಬರಾದರೂ ಇದ್ದಾರೋ? ಇವಕ್ಕೆ ಅವಳು ನಿಮಗೆ ಉತ್ತರ ಹೇಳಬೇಕಿಲ್ಲ. ಈ ಪ್ರಶ್ನೆಗಳನ್ನು ಅವಳು ಸೋಮವಾರದ ಮೀಟಿಂಗಿಗೆ ಹೊತ್ತುಕೊಂಡು ಹೋದರೆ ಸಾಕು. ಮೀಟಿಂಗಿನಲ್ಲಿ ಅನುಮಾನ ಎತ್ತುವವರು ಯಾರಿಗೂ ಇಷ್ಟವಾಗುವುದಿಲ್ಲ. ಬೈಸಿಕೊಂಡು ಬಂದ ದಿನ ಫೋನ್ ಮಾಡಲು ಅವಳಿಗೆ ನೀವಿರುತ್ತೀರಿ, ನಿಮಗೂ ಅದರ ರುಚಿ ಗೊತ್ತಲ್ಲ.

ಅವಳು ಆ ಕೆಲಸದಲ್ಲಿ ಇರಬೇಕೋ ಬಿಡಬೇಕೋ ಎಂಬುದನ್ನು ಅವಳಿಗೇ ಬಿಡಿ. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ‘ನನ್ನ ನಿದ್ದೆ ಹೋಗಿದೆ, ಕೆಲಸ ಬಿಡು’ ಎಂದರೆ ಅವಳು ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ. ಇಂಥ ಕೋಣೆಗಳಿಂದ ಅಳುಕಿರುವವರೆಲ್ಲ ಎದ್ದುಹೋದರೆ ಉಳಿಯುವವರು ಯಾರು ಎಂದೂ ಯೋಚಿಸಬೇಕು. ಹಾಗೆಂದು ಮನಸ್ಸು ಒಪ್ಪದ ಕಡೆ ಅವಳು ಸವೆಯುತ್ತಾ ಕೂರಬೇಕಾಗಿಯೂ ಇಲ್ಲ. ಚಿತ್ರ ಗುರುತಿಸುವ ಇದೇ ವಿದ್ಯೆ ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಹುಡುಕಲೂ ಬೇಕು, ಬೆಳೆಯ ರೋಗ ಪತ್ತೆಗೂ ಬೇಕು.

ಇದೇ ಕೆಲಸದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು: ರಾತ್ರಿ ತಲೆ ತಿನ್ನುವ ಪ್ರಶ್ನೆಯನ್ನು ಹಗಲು ಮೇಲಿನವರಿಗೆ ಬರವಣಿಗೆಯಲ್ಲಿ ಕೇಳಿ. ಕೇಳಿದ್ದಕ್ಕೆ ದಾಖಲೆ ಇರಲಿ.

ಕೊನೆಯದಾಗಿ ನಿಮ್ಮ ನಿದ್ದೆ. ಮಗಳ ಜೊತೆ ರಾಜಿಯಾದ ಕೂಡಲೇ ಅದು ಸರಿಹೋಗುತ್ತದೆಂದು ನಾನು ಹೇಳಲಾರೆ. ಹಳೆಯ ಸೇವೆಯ ನೆನಪು ಹೀಗೆ ಏನೋ ಒಂದು ನೆಪ ಸಿಕ್ಕಿ ತಡವಾಗಿ ಏಳುವುದು ಸೈನಿಕರಲ್ಲಿ ಅಪರೂಪವೇನಲ್ಲ. ಅದು ದೌರ್ಬಲ್ಯವಲ್ಲ, ಚಿಕಿತ್ಸೆಗೆ ಬಗ್ಗುವಂಥದ್ದು. ಮೊದಲು ನಿಮ್ಮ ಮನೆಯವರಿಗೆ ಹೇಳಿ. ಇಷ್ಟು ವರ್ಷ ರಜೆಯಿಂದ ರಜೆಗೆ ಕಾದವರು ಅವರು, ಇದನ್ನೂ ತಾಳಿಕೊಳ್ಳುತ್ತಾರೆ. ಕನಸಿನಲ್ಲಿ ಬೆಚ್ಚಿ ಏಳುವುದು, ಸಣ್ಣದಕ್ಕೂ ಸಿಟ್ಟು ಬರುವುದು, ತೋಟಕ್ಕೆ ಹೋಗಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದ್ದರೆ ಮಾಜಿ ಸೈನಿಕರಿಗಾಗಿ ಇರುವ ನಿಮ್ಮ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ವೈದ್ಯರಿಗೆ ಮುಚ್ಚಿಡದೆ ಹೇಳಿ, ಮನೋವೈದ್ಯರ ಬಳಿಗೆ ಕಳಿಸಿಕೊಡಲು ಕೇಳಿ. ರಾತ್ರಿ ತೀರಾ ಭಾರವಾದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದಿನದ ಯಾವ ಹೊತ್ತಾದರೂ ಸರಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಬೆಳಗಿನವರೆಗೆ ಕಾಯದೆ ಮಾಡಿ. ಮಗಳನ್ನು ನೋಡಲು ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೂ ಹೋಗಿಬರಬಹುದು. ಒಬ್ಬರೇ ಹೋಗಬೇಡಿ, ಅವಳನ್ನೇ ಜೊತೆಗೆ ಕರೆಯಿರಿ.